ಅವ್ವ ಹೇಳದ ಹೆಸರು

ನಿನ್ನೆ ಟಿವಿಯಲ್ಲಿ ವಕೀಲರ ಹಾಸ್ಯ ಧಾರಾವಾಹಿ ಬರುತ್ತಿತ್ತು. ಕಳುವಾದ ಆಡಿಗಾಗಿ ಕಟಕಟೆ ಹತ್ತಿದ ಹೆಂಗಸು ಗಂಡನ ಹೆಸರು ಹೇಳಲು ನಾಚಿದಳು. ಆ ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನಾನು ಚಿಕ್ಕವಳಿದ್ದಾಗ ಅವ್ವ ಸಾಕಿದ ಎಮ್ಮೆಯನ್ನು ನೆರೆಯವನು ತನ್ನದೆಂದು ಕಟ್ಟಿಕೊಂಡಿದ್ದ. ಚಿತ್ತಾಪುರದ ಕೋರ್ಟಿನಲ್ಲಿ ನಾನು ಹಿಂಡಿ ವಾಸನೆಯ ಅವಳ ಸೆರಗು ಹಿಡಿದು ನಿಂತಿದ್ದೆ. ಗಂಡನ ಹೆಸರು ಕೇಳಿದರೆ ಅವ್ವ ತುಟಿ ಬಿಚ್ಚಲಿಲ್ಲ. ನಮ್ಮಲ್ಲಿ ಹೆಂಡತಿ ಆ ಹೆಸರು ಹೇಳುವಂತಿಲ್ಲ.

"ಗಂಡನ ಹೆಸರೇ ಗೊತ್ತಿಲ್ಲದಾಕಿ ಎಮ್ಮಿ ಗುರ್ತು ಹ್ಯಾಂಗ್ ಹಿಡೀತಾಳ್ರಿ?" ಎಂದ ಎದುರಿನ ವಕೀಲ.

ಹೆಸರು ಹೇಳಬಾರದೆಂದು ಅವಳಿಗೆ ಕಲಿಸಿದ ಊರಿನ ಹಿರಿಯರೂ ಅಲ್ಲೇ ಕೂತು ನಕ್ಕರು. ಎಮ್ಮೆ ನೆರೆಯವನ ಪಾಲಾಯಿತು.

ನಿನ್ನೆ ಸಿಟ್ಟಿನಿಂದ ರಿಮೋಟ್ ಎತ್ತಿದೆ.

"ಬಂದ್ ಮಾಡಬ್ಯಾಡ," ಎಂದಳು ಪಕ್ಕದಲ್ಲಿ ಕೂತಿದ್ದ ಅವ್ವ. "ಆಕಿ ಆಡು ಆಕಿಗಿ ಸಿಗ್ತದೇನು ನೋಡಮ್."