ಬೇಸಿಗೆಯ ಹೊಳೆ ಮತ್ತು ಹುಲಿಗಿ

ಆಗೆಲ್ಲ ತಾವರಗೇರಾದಲ್ಲಿ ಬೇಸಿಗೆ ರಜೆಯ ಮಧ್ಯಾಹ್ನ ಬಿಸಿಲು ಇಳಿಯುವ ಮೊದಲು ಹೊರಗೆ ಕಾಲಿಟ್ಟರೆ ಅವ್ವ ಸುಮ್ಮನಿರುತ್ತಿರಲಿಲ್ಲ. ನಡುಮನೆಯ ಕಲ್ಲುಹಾಸು ಮಾತ್ರ ತಣ್ಣಗಿರುತ್ತಿತ್ತು. ಅದರ ಮೇಲೆ ಬೋರಲು ಮಲಗಿ, ಹೊಟ್ಟೆ ತಂಪು ಮಾಡಿಕೊಂಡು, ಶೇಂಗಾ ಬೆಲ್ಲ ಮೆಲ್ಲುತ್ತಾ ನಾವು ಮೂವರು ಒಂದು ಆಟ ಕಟ್ಟಿದೆವು: ನಾನು, ಪಕ್ಕದ ಮನೆಯ ರೇಣುಕಾ, ಮತ್ತೆ ನನ್ನ ತರಗತಿಯ ಹುಲಿಗಿ. ಅವಳ ಪೂರ್ತಿ ಹೆಸರು ಹುಲಿಗೆಮ್ಮ. ಹಾಗೆ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಆಟಕ್ಕೆ ಮೂಲ ಒಂದು ಕಾದಂಬರಿ. ಸಾಮಾನು ಕಟ್ಟಿಕೊಡಲೆಂದು ಅಪ್ಪ ನಮ್ಮ ಕಿರಾಣಿ ಅಂಗಡಿಗೆ ತರುತ್ತಿದ್ದ ರದ್ದಿಯಲ್ಲಿ ಅದು ಬಂದಿತ್ತು. ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಮೊದಲ ಪುಟಗಳು ಯಾರದೋ ಮನೆಗೆ ಜೀರಿಗೆಯ ಜೊತೆ ಹೋಗಿದ್ದವು, ಕೊನೆಯವು ಪುಟಾಣಿಯ, ಅಂದರೆ ಹುರಿಗಡಲೆಯ ಜೊತೆ. ಬರೆದವರು ಯಾರೋ, ಹೆಸರೇನೋ, ಇವತ್ತಿಗೂ ಗೊತ್ತಿಲ್ಲ. ಉಳಿದ ಪುಟಗಳಲ್ಲಿ ಒಬ್ಬ ಸವಾರ ಕಾಡು ದಾಟಿ, ತುಂಬಿದ ಹೊಳೆ ಈಜಿ, ಕೋಟೆಯಲ್ಲಿ ಸೆರೆಯಿದ್ದ ಅಕ್ಕನನ್ನು ಬಿಡಿಸಲು ಹೋಗುತ್ತಾನೆ. ಕೋಟೆಯ ಬಾಗಿಲು ಬಡಿಯುತ್ತಾನೆ. ಅಲ್ಲಿಗೆ ನನ್ನ ಪುಸ್ತಕ ಖಲಾಸ್.

ಅದನ್ನೇ ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದೆ. ಒಂದೊಂದು ಕಲ್ಲು ಒಂದೊಂದು ಜಾಗ. ಕತೆ ಹೇಳುವವಳು ನಾನು, ಅವರಿಬ್ಬರೂ ಸವಾರರು. "ಮುಂದ ಏನ್ ಮಾಡ್ತಿ?" ಎಂದು ನಾನು ಕೇಳುವುದು, ಅವರು ಹೇಳಿ ಐದು ಕವಡೆ ಎಸೆಯುವುದು. ಮೂರು ಬಾಯಿ ಮೇಲಾಗಿ ಬಿದ್ದರೆ ಹೇಳಿದ್ದು ನಡೆದಂತೆ. ಸತ್ತವರ ಕಾಯಿ ನನ್ನ ಡಬ್ಬಿಗೆ. ಅಕ್ಕನನ್ನು ಬಿಡಿಸಿ ತಂದವರ ಹೆಸರು ನನ್ನ ನೋಟುಬುಕ್ಕಿನ ಕೊನೆಯ ಪುಟದಲ್ಲಿ, ಕೆಂಪು ಶಾಯಿಯಲ್ಲಿ. ಇಂಥ ಆಟವನ್ನು ಜಗತ್ತಿನಲ್ಲಿ ಬೇರೆಯವರೂ ಆಡುತ್ತಾರೆ, ಅದಕ್ಕೆ ಪುಸ್ತಕಗಳೇ ಇವೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಎಲ್ಲವನ್ನೂ ನಾನೇ ಕಂಡುಹಿಡಿದೆನೆಂಬ ಜಂಬ.

ರೇಣುಕಾ ಕಾಡಿನಲ್ಲೇ ಎರಡು ಸಲ ಸತ್ತು ಬೇಜಾರಾಗಿದ್ದಳು. ಹುಲಿಗಿ ಮಾತ್ರ ತನ್ನ ಕಾಯಿಯನ್ನು, ಒಡೆದ ಹಸಿರು ಬಳೆಯ ಚೂರನ್ನು, ಜೋಪಾನವಾಗಿ ಮುಂದೆ ಸರಿಸುತ್ತಿದ್ದಳು. ಒಂದು ದಿನ ಆಟದ ನಡುವೆಯೇ ಹೇಳಿದಳು:

"ಐತವಾರ ನಾವು ಗಂಗಾವತಿಗೆ ಹೊಂಟೀವಿ. ಅಪ್ಪಗ ಅಕ್ಕಿ ಗಿರಣ್ಯಾಗ ಕೆಲಸ ಸಿಕ್ಕೈತಿ. ಇನ್ನ ಸಾಲಿನೂ ಅಲ್ಲೇ."

"ಮತ್ತ ಆಟ?"

"ಅದಕ್ಕ ಹೇಳಾಕತ್ತೀನಿ ವಿಜ್ಜಿ. ಅಷ್ಟರಾಗ ಮುಗಸಬೇಕು. ನನ್ನ ಹೆಸರು ನಿನ್ನ ಬುಕ್ಕಿನ್ಯಾಗ ಇರ್ಲಿ."

ಶನಿವಾರ ಅವಳ ಬಳೆಚೂರು ಹೊಳೆಯ ಕಲ್ಲಿಗೆ ಬಂತು. "ಹೊಳಿ ಬಂತು. ಏನ್ ಮಾಡ್ತಿ?" ಎಂದೆ.

"ಕುದ್ರಿ ಇಳದು ನಡಕೋಂತ ದಾಟತೀನಿ. ನಡುವ ವರ್ತಿ ತೋಡಿ ಕುದ್ರಿಗೆ ನೀರು ಕುಡಸ್ತೀನಿ."

ನಮ್ಮ ಹಳ್ಳದ ಮರಳಲ್ಲಿ ಕೈಯಿಂದ ಗುಂಡಿ ತೋಡಿದರೆ ಒಸರುವ ನೀರೇ ವರ್ತಿ. ಪುಸ್ತಕದ ಸವಾರ ಅಂಥದ್ದೇನೂ ಮಾಡಿರಲಿಲ್ಲ.

"ಹೊಳಿ ತುಂಬಿ ಹರಿಯಾಕತ್ತೈತಿ. ನೀ ಮುಳಗಿದಿ."

"ಬ್ಯಾಸಗ್ಯಾಗ ಹೊಳಿ ತುಂಬತೈತೇನು? ನೀ ನೋಡಿಯೇನು?"

ನೋಡಿರಲಿಲ್ಲ. ಬೇಸಿಗೆಯಲ್ಲಿ ಹರಿಯುವ ನೀರನ್ನು ನಾವಿಬ್ಬರೂ ಕಂಡವರಲ್ಲ.

"ಪುಸ್ತಕದಾಗ ಹಂಗ ಐತಿ."

"ಪುಸ್ತಕ ಬರದಾವ ನಮ್ಮ ಹಳ್ಳಕ್ಕ ಬಂದಿದ್ದನೇನು?" ಅವಳು ಕವಡೆ ಹಿಡಿದ ಕೈ ಚಾಚಿದಳು. "ಕವಡಿ ಆದ್ರೂ ಒಗೀಲೇನು?"

"ಬ್ಯಾಡ. ಸತ್ತಿ ಅಂದ್ರ ಸತ್ತಿ."

ನಿಜ ಹೇಳಬೇಕೆಂದರೆ ನನಗೆ ಹೊಳೆಯ ಚಿಂತೆಯೇ ಇರಲಿಲ್ಲ. ಹೊಳೆ ದಾಟಿದರೆ ಕೋಟೆ, ಕೋಟೆಯ ಬಾಗಿಲು ತೆರೆದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಕೊನೆಯ ಪುಟಗಳಲ್ಲಿ ಯಾರೋ ಪುಟಾಣಿ ತಿಂದಿದ್ದರು. ಕತೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಗೆಳತಿಯನ್ನು ಮುಳುಗಿಸಿದೆ.

ಹುಲಿಗಿ ಬಳೆಚೂರನ್ನು ತಾನೇ ಡಬ್ಬಿಗೆ ಹಾಕಿ ಎದ್ದಳು. ಒಳಗಿನಿಂದ ಮಂಡಕ್ಕಿಯ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಯಾಕವಾ ಹುಲಿಗಿ, ಇಷ್ಟ ಲಗೂನ ಹೊಂಟಿ? ತಿಂದು ಹೋಗು," ಎಂದಳು ಅವ್ವ.

"ಬ್ಯಾಡ್ರಿ ಅಮ್ಮಾರ, ಗಂಟು ಕಟ್ಟೂದೈತ್ರಿ."

ಮರುದಿನ ಬೆಳಿಗ್ಗೆ ನೋಟುಬುಕ್ಕು, ಕೆಂಪು ಪೆನ್ನು ಹಿಡಿದು ಅವಳ ಮನೆಗೆ ಓಡಿದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಮೊದಲ ಬಸ್ಸಿಗೇ ಹೋಗಿದ್ದರು.

ಈಗ ನಾನು ಕುಷ್ಟಗಿಯಲ್ಲಿ ಶಿಕ್ಷಕಿ. ಬಿಡುವಿನಲ್ಲಿ ಮಕ್ಕಳಿಗಾಗಿ ಇಂಥ ಕತೆಯಾಟಗಳನ್ನು ಬರೆಯುತ್ತೇನೆ. ಎರಡು ಅಚ್ಚಾಗಿವೆ. ಕಾಡು, ಕೋಟೆ, ಸೆರೆಯಲ್ಲಿರುವ ಅಕ್ಕ ಎಲ್ಲವೂ ಆ ರದ್ದಿ ಪುಸ್ತಕದಿಂದ ಕದ್ದದ್ದೇ. ಹೊಳೆಯ ಪುಟ ಮಾತ್ರ ಹುಲಿಗಿಯದು: "ಹೊಳೆಯಲ್ಲಿ ನೀರಿದೆಯೋ ಇಲ್ಲವೋ, ಆಡುವವರನ್ನು ಕೇಳಿ. ಅವರು ಮರಳು ಅಂದರೆ ಮರಳು." ಅಚ್ಚು ಹಾಕುವವರು, "ಇದೆಂಥ ನಿಯಮ ಮೇಡಂ, ಕತೆ ಹೇಳೋರಿಗೇ ಗೊತ್ತಿರಬೇಕಲ್ಲ?" ಎಂದು ಎರಡು ಸಲ ಫೋನು ಮಾಡಿದರು. ನಾನು ಅದನ್ನು ತೆಗೆಯಲು ಒಪ್ಪಲಿಲ್ಲ. ನನ್ನ ಯಾವ ಆಟಕ್ಕೂ ಕೊನೆಯನ್ನು ನಾನು ಬರೆದಿಡುವುದಿಲ್ಲ.

ಒಮ್ಮೆ ಬೇಸಿಗೆಯಲ್ಲಿ ಮದುವೆಗೆಂದು ಗಂಗಾವತಿಗೆ ಹೋಗಿದ್ದೆ. ಕಾಲುವೆಯಲ್ಲಿ ದಂಡೆ ಮುಟ್ಟಿ ನೀರು ಹರಿಯುತ್ತಿತ್ತು. ಹುಲಿಗಿ ಇದನ್ನು ದಿನವೂ ನೋಡಿರುತ್ತಾಳೆ, 'ವಿಜ್ಜಿ ಹೇಳಿದ್ದೇ ಖರೆ ಇತ್ತು, ನಾನೇ ತಪ್ಪು' ಎಂದುಕೊಂಡಿರುತ್ತಾಳೆ ಎಂದು ಹೊಳೆಯಿತು. ಗಿರಣಿಗಳ ಓಣಿಯಲ್ಲಿ ವಿಚಾರಿಸಿದೆ. "ಯಾವ ಹುಲಿಗೆಮ್ಮರೀ? ಇದೊಂದ ಓಣ್ಯಾಗ ನಾಕು ಮಂದಿ ಅದಾರ," ಎಂದರು. ನಾಲ್ವರನ್ನೂ ನೋಡಿ ಬಂದೆ. ಅವಳಿರಲಿಲ್ಲ.

ನಮ್ಮ ನಡುಮನೆಗೆ ಈಗ ಟೈಲ್ಸ್ ಹಾಕಿಸಿದ್ದಾರೆ, ಸೀಮೆಸುಣ್ಣ ಹತ್ತುವುದಿಲ್ಲ. ಡಬ್ಬಿಯಲ್ಲಿ ಹಸಿರು ಬಳೆಯ ಚೂರು ಹಾಗೇ ಇದೆ. ನೋಟುಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಹುಲಿಗಿ ಎಂಬ ಹೆಸರೂ ಇದೆ. ಅವಳು ಊರು ಬಿಟ್ಟ ಭಾನುವಾರವೇ ಬರೆದದ್ದು. ನನ್ನ ಮಟ್ಟಿಗೆ ಅವಳು ಹೊಳೆ ದಾಟಿದ್ದಾಳೆ, ಕೋಟೆಯ ಬಾಗಿಲಲ್ಲಿ ನಿಂತಿದ್ದಾಳೆ. ಮುಂದ ಏನ್ ಮಾಡ್ತಿ ಎಂದು ಕೇಳಿ, ಅವಳು ಹೇಳಿದ್ದನ್ನು ಸುಮ್ಮನೆ ಒಪ್ಪಿಕೊಳ್ಳಬೇಕು ಎನ್ನುವುದೊಂದೇ ನನ್ನ ಆಸೆ.