ಹಡಗು ನೋಡದ ಮೇಷ್ಟ್ರು

ರಜೆಗೆಂದು ಬೆಂಗಳೂರಿನ ಪುಟ್ಟೇನಹಳ್ಳಿಗೆ ಬಂದಿದ್ದೇನೆ. ಬೆಳಿಗ್ಗೆ ಎದುರು ಮನೆಯ ಗೇಟಿಗೆ ಯಾರೋ ವೆಲ್ಡಿಂಗ್ ಮಾಡುತ್ತಿದ್ದರು. ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾಫಿ ಮರೆತೇಹೋಯಿತು. ನಮ್ಮ ವೆಲ್ಡಿಂಗ್ ಮೇಷ್ಟ್ರು...

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದ ನನ್ನಂಥ ಹುಡುಗಿಯರನ್ನು ಕರೆದು ಕಬ್ಬಿಣ ಬೆಸೆಯಲು ಕಲಿಸಿದವರು ಅವರು. ಕರಾವಳಿಯಲ್ಲಿ ನೌಕಾಪಡೆಗೆ ಹಡಗು ಕಟ್ಟುವ ಯಾರ್ಡ್ ಬೆಳೆಯುತ್ತಲೇ ಇತ್ತು. ವರ್ಷವರ್ಷವೂ ಇನ್ನಷ್ಟು ಜನ ಬೇಕೆನ್ನುತ್ತಿದ್ದರು. ಅಲ್ಲಿನವರು ಮೇಷ್ಟ್ರ ಶೆಡ್ಡಿಗೇ ಬಂದು ಟೆಸ್ಟ್ ಮಾಡಿ, ಪಾಸಾದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು.

ಮೇಷ್ಟ್ರು ಮಾತ್ರ ಸಮುದ್ರವನ್ನೇ ಕಂಡವರಲ್ಲ. ಜೀವನವಿಡೀ ಜಯನಗರದ ಕಿಟಕಿಗಳಿಗೆ ಗ್ರಿಲ್ ಮಾಡಿದವರು. ಯಾರ್ಡಿನವರನ್ನು ಕೇಳಿ ತಿಳಿದುಕೊಂಡು, ಹಳೆಯ ಕಬ್ಬಿಣದ ಮಂಚದ ಕೆಳಗೆ ನಮ್ಮನ್ನು ಮಲಗಿಸುತ್ತಿದ್ದರು. ನೇರವಾಗಿ ಕಾಣದ ಸಂದನ್ನು ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡೇ ಬೆಸೆಯಬೇಕು. ಹಡಗಿನ ಹೊಟ್ಟೆಯೊಳಗೆ ಹೀಗೇ ಅಂತೆ. ಆ ನೀಲಿ ಬೆಳಕಿನಲ್ಲಿ ಅವರ ದನಿ ಕೇಳುತ್ತಾ ಎಷ್ಟೋ ಸಲ ಮಂಚವೇ ನೀರಿನ ಮೇಲೆ ತೂಗಿದಂತಾಗುತ್ತಿತ್ತು... ಸಾಯುವುದರೊಳಗೆ ಒಂದು ಹಡಗು ನೋಡಬೇಕು ಎಂದು ಅವರು ಹೇಳದ ದಿನವಿಲ್ಲ.

ನಾನೂ ಪಾಸಾಗಿ ಯಾರ್ಡಿನಲ್ಲಿ ಕೆಲಸಕ್ಕೆ ಸೇರಿದೆ. ನಾವು ಬೆಸೆದ ಮೊದಲ ಹಡಗು ನೀರಿಗಿಳಿಯುವ ದಿನ ಒಬ್ಬೊಬ್ಬರೂ ಮನೆಯವರೊಬ್ಬರನ್ನು ಕರೆತರಬಹುದಿತ್ತು. ನಾನು ಮೇಷ್ಟ್ರನ್ನು ಕರೆದೆ. ಅಂದು ಬೆಳಿಗ್ಗೆ ಯಾರ್ಡಿನ ಗೇಟಿಗೆ ಹೋದರೆ ಅವರ ಶಿಷ್ಯರೆಲ್ಲ ಅಲ್ಲೇ ನಿಂತಿದ್ದಾರೆ. ಒಬ್ಬರಿಗೊಬ್ಬರು ಹೇಳದೆ ಎಲ್ಲರೂ ಅವರನ್ನೇ ಕರೆದಿದ್ದೆವು. ನಕ್ಕಿದ್ದೇ ನಕ್ಕಿದ್ದು. ಬೆಂಗಳೂರಿನ ಬಸ್ಸು ಬಂದು ಹೋಯಿತು, ಮೇಷ್ಟ್ರು ಬರಲಿಲ್ಲ. ಫೋನ್ ಮಾಡಿದೆ.

“ಯಾರ್ಡಿನೋರು ಇವತ್ತೇ ಟೆಸ್ಟ್ ಇಟ್ಬಿಟ್ರಮ್ಮ. ಮುಂದಿನ ಹಡಗಿಗೆ ಬರ್ತೀನಿ.”

ನನಗೆ ಕೆಟ್ಟ ಸಿಟ್ಟು ಬಂತು. ಈ ಮನುಷ್ಯ ಶೆಡ್ ಬಿಟ್ಟು ಹೊರಡುವ ಗಿರಾಕಿಯೇ ಅಲ್ಲ ಎಂದುಕೊಂಡೆ. ಮುಂದಿನ ಹಡಗು ಮುಗಿಯುವ ಮೊದಲೇ ಮೇಷ್ಟ್ರು ತೀರಿಕೊಂಡರು.

ಹಡಗು ನೀರಿಗಿಳಿದ ಆ ದಿನವೇ ಶೆಡ್ಡಿನಲ್ಲಿ ಟೆಸ್ಟ್ ಪಾಸಾದ ಹುಡುಗಿಯೊಬ್ಬಳು ಈಗ ಯಾರ್ಡಿನಲ್ಲಿ ನನ್ನ ಜೊತೆಗಿದ್ದಾಳೆ. ರಜೆಗೆ ಒಟ್ಟಿಗೇ ಬಂದೆವು. ಇವತ್ತು ಮಧ್ಯಾಹ್ನ ಊಟಕ್ಕೆ ಬಂದವಳಿಗೆ ಬೆಳಗಿನ ವಾಸನೆಯ ವಿಷಯ ಹೇಳಿದೆ. ಅವಳಿಗೂ ಮೇಷ್ಟ್ರು ನೆನಪಾದರು.

“ನಮ್ಮ ಟೆಸ್ಟ್ ಹಿಂದಿನ ಸಂಜೆ ಮೇಷ್ಟ್ರು ಎಲ್ಲಿಗೋ ಹೊರಟು ಬಸ್ ಹತ್ತಿದ್ರಂತೆ ಅಕ್ಕ. ನಾಳೆನೇ ಟೆಸ್ಟ್ ಅಂತ ಯಾರ್ಡಿಂದ ಫೋನ್ ಬಂದು, ಅರ್ಧದಾರೀಲಿ ಇಳಿದು ಬೆಳಿಗ್ಗೆ ಸೀದಾ ಶೆಡ್ಡಿಗೇ ವಾಪಸ್ ಬಂದ್ರು. ಹೊಸ ಶರ್ಟು, ಕೈಲಿ ಬ್ಯಾಗು. ಟೆಸ್ಟ್ ಮುಗಿಯೋ ತನಕ ಹಾಗೇ ನಿಂತಿದ್ರು. ಎಲ್ಲಿಗೆ ಅಂತ ಕೇಳಿದ್ರೆ ಹೇಳಲೇ ಇಲ್ಲ. ನಿಮಗೇನಾದ್ರೂ ಗೊತ್ತಾ?”

“ಗೊತ್ತು” ಎಂದೆ. ಮೇಷ್ಟ್ರು ಹೊರಟೇ ಇದ್ದರು.