ಚಕ್ರ ತೊಳೆಯುತ್ತಿದ್ದ ಅಕ್ಕ

ಅಕ್ಕನ ಬಲಗೈ ಉಗುರುಗಳ ಸಂದಿನಲ್ಲಿ ಸದಾ ಕಪ್ಪು ಕೂತಿರುತ್ತಿತ್ತು. ಒಲೆಯ ಮಸಿಯಲ್ಲ, ತಲೆಗೆ ಹಚ್ಚುವ ಬಣ್ಣವೂ ಅಲ್ಲ. ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿನುಗುವ, ಕಬ್ಬಿಣದ ಹುಡಿಯಂಥ ಕಪ್ಪು. ಕಾರಿನ ಬ್ರೇಕು ಸವೆದು ಚಕ್ರಕ್ಕೆ ಅಂಟಿಕೊಳ್ಳುವ ಧೂಳು ಅದು. ಅವಳು ಮೊದಲ ಸಲ ನಮ್ಮ ಮನೆಗೆ ಕಾಫಿಗೆ ಬಂದಾಗ ಲೋಟ ಹಿಡಿದ ಆ ಬೆರಳುಗಳನ್ನು ನೋಡಿ ನಾನು ಸೋಪು ತರಲು ಎದ್ದಿದ್ದೆ. "ಕೂತ್ಕವ್ವ, ಅದು ಓಗಾಕಿಲ್ಲ" ಎಂದು ನಕ್ಕಿದ್ದಳು.

ಯಳಂದೂರಿನ ನಮ್ಮ ಬೀದಿಯಲ್ಲಿ ಅವಳದು ಪಕ್ಕದ ಮನೆ. ನಡುವೆ ಸೊಂಟದೆತ್ತರದ ಗೋಡೆ. ಸಂಬಂಧವೇನಿಲ್ಲ, ನನಗಿಂತ ಕೆಲವು ವರ್ಷ ದೊಡ್ಡವಳು, ಹಾಗಾಗಿ ಅಕ್ಕ. ಅವಳ ಗಂಡ ನನಗೆ ಭಾವ. ಬಾಡಿಗೆಗೆ ಕಾರು ಓಡಿಸುತ್ತಿದ್ದರು. ಹೆಚ್ಚಿನ ದಿನ ಬಿಳಿಗಿರಿರಂಗನ ಬೆಟ್ಟಕ್ಕೆ, ಇಲ್ಲದಿದ್ದರೆ ಕೊಳ್ಳೇಗಾಲ, ಹನೂರಿನ ಕಡೆಗೆ. ಬೆಟ್ಟ ಇಳಿಯುವಾಗ ಮತ್ತೆ ಮತ್ತೆ ಬ್ರೇಕು ಒತ್ತಲೇಬೇಕು. ಬೆಳಿಗ್ಗೆ ಬೆಳ್ಳಿ ತಟ್ಟೆಗಳಂತೆ ಹೊರಟ ಚಕ್ರಗಳು ಸಂಜೆ ಬಾಣಲೆಯ ತಳದಂತಾಗಿ ಮನೆಗೆ ಬರುತ್ತಿದ್ದವು.

ತೊಳೆಯುವುದಕ್ಕೆ ಅವಳದೇ ಕ್ರಮವಿತ್ತು. ಕಾರು ಬಂದು ನಿಂತ ಕೂಡಲೇ ನೀರು ಹಾಕುವಂತಿಲ್ಲ. ಜ್ವರ ಬಂದ ಮಗುವಿನ ಹಣೆ ನೋಡುವಂತೆ ಅಂಗೈ ಮಗುಚಿ ಚಕ್ರದ ಹತ್ತಿರ ಹಿಡಿದು, "ಇನ್ನೂ ಕಾದದೆ, ಆರ್ಲಿ" ಎಂದು ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ಆರಿದ ಮೇಲೆ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು, ಧೂಳು ಏಳದಂತೆ ಮೊದಲು ಚೊಂಬಿನಿಂದ ನೀರು. ಆಮೇಲೆ ಸೋಪಿನ ನೊರೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ಬ್ರಷ್ಷೂ ತಲುಪದ ಸಂದಿಗೆ ಬಟ್ಟೆ ಸುತ್ತಿದ ಬೆರಳು. ಅದಕ್ಕೂ ಜಗ್ಗದ ಕಲೆಗೆ, ಹಿತ್ತಾಳೆ ಪಾತ್ರೆಗೆ ಹಚ್ಚುವ ಹಾಗೆ, ಹುಣಸೆಹಣ್ಣಿನ ರಸ. ಹಚ್ಚಿದ ತುಸು ಹೊತ್ತಿಗೇ ತೊಳೆದುಬಿಡಬೇಕು, ಇಲ್ಲದಿದ್ದರೆ ಹೊಳಪೇ ಮಂಕಾಗುತ್ತದೆ.

"ನಂಗೆ ಸಪ್ಪೆಸಾರು, ಗಾಡಿಗೆ ಉಳಿಸಾರು! ನೋಡವ್ವ ನಿಮ್ಮಕ್ಕನ್ನ" ಎಂದು ಭಾವ ಗೋಡೆಯಾಚೆಯಿಂದ ನನಗೆ ದೂರು ಹೇಳುತ್ತಿದ್ದರು.

"ಗಾಡಿ ದುಡ್ಕಂಡು ಬತ್ತದೆ. ನೀವು ಉಂಡು ಮನೀಕತೀರ" ಎಂದು ಅಕ್ಕ ತಲೆ ಎತ್ತದೆಯೇ ಉತ್ತರ ಕೊಡುತ್ತಿದ್ದಳು. ಬಾಡಿಗೆಗೆ ಬರುವವರು ಮೊದಲು ನೋಡುವುದು ಗಾಡಿಯ ಕಾಲನ್ನು ಎಂಬುದು ಅವಳ ನಂಬಿಕೆ. ಚಕ್ರ ಎಂದದ್ದು ಕಡಿಮೆ. ಕಾಲು ಎಂದೇ ಹೇಳುತ್ತಿದ್ದಳು.

ಆ ಸಲ ಹೊಸ ಮದುಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಬಾಡಿಗೆ ಬಂದಿತ್ತು. ಅದಕ್ಕೆ ಮುಂಚಿನ ವಾರವೆಲ್ಲ ಬಿಡುವಿಲ್ಲದ ಓಡಾಟ, ಜಡಿಮಳೆ ಬೇರೆ. ಧೂಳು ನೆನೆದು, ಕಾದು, ಚಕ್ರದ ಮೇಲೆ ತುಕ್ಕಿನ ಚುಕ್ಕೆಗಳಾಗಿ ಕಚ್ಚಿಕೊಂಡಿತ್ತು. ಹುಣಸೆಹಣ್ಣಿಗೂ ಬಿಡಲಿಲ್ಲ. ಕೊಳ್ಳೇಗಾಲದಲ್ಲಿ ಗಾಡಿ ತೊಳೆಯುವ ಕಡೆ ಡೀಸೆಲ್ ಹೊಡೆದು ಅಡಿಭಾಗದ ಜಿಡ್ಡು ತೆಗೆಯುವುದನ್ನು ಅಕ್ಕ ನೋಡಿದ್ದಳು. ಸಂಜೆ ಒಂದು ಸಣ್ಣ ಬಾಟಲಿಯಲ್ಲಿ ಡೀಸೆಲ್ ತರಿಸಿ, ಬಟ್ಟೆ ಅದ್ದಿ, ಚಕ್ರದ ಕಡ್ಡಿಗಳ ಸಂದಿನಿಂದ ಒಳಗೆ ಕೈ ತೂರಿಸಿ ಉಜ್ಜಿದಳು. ಕಪ್ಪು ಬೆಣ್ಣೆಯಂತೆ ಕಳಚಿ ಬಂತು. "ನೋಡು ಬಾ ಇಲ್ಲಿ, ಮಖ ಕಾಣ್ತದೆ!" ಎಂದು ನನ್ನನ್ನು ಕೂಗಿ ಕರೆದಿದ್ದಳು. ನಿಜವಾಗಿಯೂ ಕಾಣುತ್ತಿತ್ತು.

ಮರುದಿನ ಮಧ್ಯಾಹ್ನ ಬೆಟ್ಟದ ಮೇಲಿನಿಂದ ಭಾವ ಫೋನು ಮಾಡಿದರು. "ಲೇ, ಕಾಲು ನೋಡಿ ಮದುವೆಗಂಡೇ ಕೇಳ್ದ ಕಣೇ, ಒಸ ಗಾಡಿಯಾ ಅಂತ." ಅಕ್ಕ ಅದನ್ನು ನನಗೆ ಎರಡು ಸಲ ಹೇಳಿದಳು. ಮದುಮಕ್ಕಳು ಮೇಲೆಯೇ ಉಳಿದುಕೊಂಡರು. ಭಾವ ಒಬ್ಬರೇ ಇಳಿದು ಬರುವಾಗ ಒಂದು ತಿರುವಿನಲ್ಲಿ ಕಾರು ರಸ್ತೆ ಬಿಟ್ಟು ಬಂಡೆಗೆ ಹೊಡೆದಿತ್ತು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಕಂಡವರು ಯಾರೂ ಇಲ್ಲ. ಕಡವೆ ಅಡ್ಡ ಬಂದಿರಬೇಕು ಅಂದರು ಕೆಲವರು. ಕಣ್ಣು ಎಳೆದಿರಬೇಕು ಅಂದರು ಇನ್ನು ಕೆಲವರು.

ತಿಥಿಯ ದಿನ ಚಪ್ಪರದ ಕೆಳಗೆ ಗಂಡಸರು ಮಾತಾಡುತ್ತಾ ಕೂತಿದ್ದರು. ಅವರಲ್ಲೊಬ್ಬ ಗ್ಯಾರೇಜಿನವನು. ಇನ್ಯಾರದೋ ಗಾಡಿಯ ವಿಷಯಕ್ಕೆ, "ಬ್ರೇಕಿನ ಡಿಸ್ಕಿಗೆ ಎಣ್ಣೆ ಸೋಕ್ತೋ, ಮುಗೀತು. ಎಷ್ಟು ತುಳುದ್ರೂ ಇಡ್ಯಾಕಿಲ್ಲ" ಎಂದ. ಎಲೆಗಳನ್ನು ಹಿಡಿದು ಬಾಗಿಲಿಗೆ ಬಂದಿದ್ದ ಅಕ್ಕ ಅಲ್ಲೇ ನಿಂತಳು. ನಾನು ಎಲೆಗಳನ್ನು ಅವಳ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.

ಅಂದು ಜನ ಎದ್ದುಹೋದ ಮೇಲೆ ಗೋಡೆಯ ಹತ್ತಿರ ಬಂದು, "ಆ ಡೀಸೆಲ್ ಬಟ್ಟೆ ಒಳುಕ್ಕೆ ತಗುಲ್ತೇನೋ ಕಣೆ" ಎಂದಳು. ಬೇರೆ ಯಾರಿಗೂ ಹೇಳಲಿಲ್ಲ. ನಮ್ಮ ಮನೆಯವರಿಗೆ ನಾನು ಹೇಳಿದೆ. ಅವರು ಯೋಚಿಸಿ, "ಎಣ್ಣೆ ತಗುಲಿದ್ದರೆ ಊರು ದಾಟುವ ಮೊದಲೇ ಗೊತ್ತಾಗುತ್ತಿತ್ತಲ್ಲ. ಬೆಟ್ಟ ಹತ್ತಿದ್ದಾರೆ, ಫೋನು ಮಾಡಿದ್ದಾರೆ" ಎಂದರು. ಅದನ್ನೇ ಅಕ್ಕನಿಗೆ ಹೇಳಿದೆ. ಅವಳು ನನ್ನನ್ನೇ ನೋಡುತ್ತಾ, "ಗೊತ್ತಾಗಿದ್ರೂ ಅವರು ಏಳ್ತಿದ್ರಾ? ನಾನು ಅಷ್ಟು ಕುಸೀಲಿ ತೊಳ್ದಿದ್ದೆ" ಎಂದಳು. ಕಾರನ್ನು ಬಿಚ್ಚಿ ನೋಡಿಸೋಣವೆಂದರೆ ಅವಳ ಮೈದುನ ಅದನ್ನು ಆಗಲೇ ಗುಜರಿಗೆ ಕೊಟ್ಟಾಗಿತ್ತು.

ಉಳಿದದ್ದು ಆ ತಿರುವು. ಬ್ರೇಕು ಹಿಡಿದಿದ್ದರೆ ರಸ್ತೆಯ ಮೇಲೆ ಟೈರು ಉಜ್ಜಿದ ಕರಿ ಗೀರು ಇರಬೇಕು, ಅದನ್ನು ನೋಡಬೇಕು ಎಂದು ಹಟ ಹಿಡಿದಳು. ನಮ್ಮ ಕಾರಿನಲ್ಲಿ ಕರೆದುಕೊಂಡು ಹೋದೆವು. ಅಲ್ಲಿ ಇಳಿಯುವಂತಿಲ್ಲ, ಆನೆ ಓಡಾಡುವ ಜಾಗ. ಆದರೂ ಇಳಿದಳು. ಕಳೆದುಹೋದ ಓಲೆ ಹುಡುಕುವವಳಂತೆ ಬಗ್ಗಿಕೊಂಡು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ನಡೆದಳು. ಅಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಒಬ್ಬ ಬೈಕಿನಲ್ಲಿ ಬಂದು ಗದರಿದ.

"ಏನಮ್ಮೋ, ಜೀವದ ಮ್ಯಾಲೆ ಆಸೆ ಇಲ್ವಾ? ಅತ್ತಿ ಕಾರು!"

"ಗೀರು ಸಾ. ಟೈರಿನ ಗೀರು. ನಮ್ಮೆಜಮಾನ್ರು ಓಗಿದ್ದು ಇಲ್ಲೇ."

ಅವನ ದನಿ ಇಳಿಯಿತು. "ಮಳೆ ಉಯ್ತಲ್ಲಮ್ಮ" ಎಂದ. ಸ್ವಲ್ಪ ಹೊತ್ತು ಬಂಡೆಯ ಕಡೆ ನೋಡಿ, "ಇತ್ತು ಕಣಮ್ಮ. ನಾನು ನೋಡ್ದೆ ಅವತ್ತು" ಎಂದ.

"ಎಷ್ಟುದ್ದ ಇತ್ತು ಸಾ?"

ಅವನು ನನ್ನ ಮುಖ ನೋಡಿದ. ಎರಡೂ ಕೈ ಅಗಲಿಸಿದ, ಸಾಲದೆನ್ನಿಸಿತೋ ಏನೋ, ಇನ್ನಷ್ಟು ಅಗಲಿಸಿದ. "ಇಷ್ಟು... ಇದಕ್ಕೂ ಜಾಸ್ತೀನೇ."

ಅಕ್ಕ ಅವನಿಗೆ ಕೈ ಮುಗಿದು ಕಾರು ಹತ್ತಿದಳು. ಚೆಕ್‌ಪೋಸ್ಟು ದಾಟಿದೆವು. ಆಮೇಲೆ, "ಒಳ್ಳೇ ಮನ್ಸ ಪಾಪ. ಸುಳ್ಳೇಳಕ್ಕೆ ಬರಾಕಿಲ್ಲ" ಎಂದಳು.

ಆಮೇಲೂ ಅವಳು ಚಕ್ರ ತೊಳೆಯುವುದನ್ನು ಬಿಡಲಿಲ್ಲ. ನಮ್ಮ ಕಾರು ಹೊರಗಿನಿಂದ ಬಂದರೆ ಚೊಂಬು ಹಿಡಿದು ಬರುತ್ತಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ. ಬರೀ ನೀರು, ಸೋಪು. ಪ್ರತಿ ಸಲವೂ ಬಟ್ಟೆಯನ್ನು ಮೊದಲು ಮೂಗಿಗೆ ಹಿಡಿದು ಮೂಸುತ್ತಿದ್ದಳು. ಒಗೆದು ಒಣಗಿಸಿದ ಬಟ್ಟೆಯನ್ನೂ. ತೊಳೆದಾದ ಮೇಲೆ ನಮ್ಮ ಮನೆಯವರು ಕಾರನ್ನು ಬೀದಿಯಲ್ಲಿ ಒಮ್ಮೆ ಓಡಿಸಿ ಅವಳೆದುರು ನಿಲ್ಲಿಸಬೇಕು. ಅವಳು ದಾರಿಯ ಮಧ್ಯದಲ್ಲೇ ನಿಂತಿರುತ್ತಿದ್ದಳು. "ಪಕ್ಕಕ್ಕೆ ನಿಲ್ಲಿ ಅಕ್ಕ" ಎಂದು ಇವರು ಕಿಟಕಿಯಿಂದ ಬೇಡಿಕೊಳ್ಳುತ್ತಿದ್ದರು. "ನೀವು ಬನ್ನಿ ಸುಮ್ಕೆ" ಎನ್ನುತ್ತಿದ್ದಳು. ಕಾರು ಅವಳಿಂದ ದೂರದಲ್ಲೇ ನಿಂತರೂ ಅವಳ ಮುಖದಲ್ಲಿ ಸಮಾಧಾನ ಕಂಡದ್ದಿಲ್ಲ. ತಾನು ಕೇಳಿದ್ದಕ್ಕೆ ಬೇರೆ ಯಾರೋ ಉತ್ತರ ಕೊಟ್ಟಂತೆ ಸುಮ್ಮನೆ ನೋಡಿ ಒಳಗೆ ಹೋಗುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಎದೆಯಲ್ಲಿ ನೀರು ತುಂಬಿ ಮಲಗಿದಳು. ಅವಳ ಮಗಳು ಗಂಡನ ಮನೆಯಿಂದ ಬಂದಿದ್ದಳು. ಆದರೂ ಗಂಜಿ ಕುಡಿಸಲು ನಾನೇ ಬೇಕಿತ್ತು. ಒಂದು ಮಧ್ಯಾಹ್ನ ಮಗಳು ಔಷಧಿ ತರಲು ಹೋಗಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಎಲ್ರೂ ಏನೇನೋ ಏಳುದ್ರು. ಕಡವೆ ಅಂದ್ರು, ಅಣೇಬರ ಅಂದ್ರು. ನೀನು ಏಳು. ಬ್ರೇಕು ಇಡೀತಿತ್ತಾ?"

ಹಿಡಿಯುತ್ತಿತ್ತು ಅನ್ನಬಹುದಿತ್ತು. ಆ ಗಾರ್ಡಿನ ಅಗಲಿಸಿದ ಕೈಗಳು ಕಣ್ಣ ಮುಂದೆ ಬಂದವು.

"ಗೊತ್ತಿಲ್ಲ ಕಣಕ್ಕ" ಎಂದೆ.

"ಊಂ" ಎಂದಳು. ಹಿಡಿತ ಸಡಿಲಿಸಲಿಲ್ಲ. "ನಂಗೂ ಗೊತ್ತಿಲ್ಲ. ನೀನಾದ್ರೂ ಜೊತೇಲಿದ್ದೀಯಲ್ಲ." ಆಮೇಲೆ ಗಂಜಿ ಬೇಕೆಂದಳು. ಎಷ್ಟೋ ದಿನದ ಮೇಲೆ ಪೂರ್ತಿ ಕುಡಿದಳು. ಎರಡು ದಿನ ಕಳೆದು ಬೆಳಗಿನ ಹೊತ್ತು ಹೋದಳು.

ಪಕ್ಕದ ಮನೆಗೆ ಈಗ ಬೀಗ. ನಾವು ಮಾತ್ರ ಶನಿವಾರಗಳಲ್ಲಿ ಬೆಟ್ಟಕ್ಕೆ ಹೋಗುತ್ತೇವೆ, ಅದೇ ರಸ್ತೆಯಲ್ಲಿ ಇಳಿಯುತ್ತೇವೆ. ಆ ತಿರುವು ಬರುವಾಗ ಇವರು ಬ್ರೇಕು ಒತ್ತುತ್ತಾರೆ. ನನ್ನ ಪಾದ ತಾನಾಗಿಯೇ ಕಾರಿನ ನೆಲವನ್ನು ಒತ್ತಿ ಹಿಡಿಯುತ್ತದೆ. ಕಾರು ನಿಧಾನವಾಗುತ್ತದೆ. ಪ್ರತಿ ಸಲವೂ ನಿಧಾನವಾಗುತ್ತದೆ. ಅದನ್ನೇ ನನಗೆ ತಡೆದುಕೊಳ್ಳಲು ಆಗುವುದಿಲ್ಲ.